ಜುಮ್ಮಾ ಎಂದು ಬರೆದ ಏಳು ಪೊಟ್ಟಣ

"ಅಷ್ಟೇನಾ ತಾಯಿ, ಇನ್ನೂ ಇದಾವಾ?"

ಅಕ್ಷತಾ ಬಿಸ್ಕತ್ ಡಬ್ಬಿಯನ್ನು ಬೋರಲು ಹಾಕಿ ತಳಕ್ಕೆ ಎರಡು ಸಲ ತಟ್ಟಿದಳು. ಒಳಗೆ ಅಂಟಿಕೊಂಡಿದ್ದ ಇನ್ನೊಂದು ಖಾಲಿ ಪೊಟ್ಟಣ ಪೇಪರಿನ ಮೇಲೆ ಬಿತ್ತು.

"ಇದೇ ಕೊನೇದು ಸಾರ್."

ಗುಬ್ಬಿಯ ಆ ಮನೆಯ ನಡುಮನೆಯಲ್ಲಿ ಚಕ್ಕಳಮಕ್ಕಳ ಹಾಕಿ ಕೂತು ಎಣಿಸುತ್ತಿದ್ದವರು ಮನ್ಸೂರ್ ಅಲಿ. ಮೂವತ್ತೊಂದು ವರ್ಷ ಡ್ರಗ್ ಇನ್ಸ್‌ಪೆಕ್ಟರ್ ಆಗಿ ಔಷಧಿ ಅಂಗಡಿಗಳ ಕಪಾಟು ಜಾಲಾಡಿ, ರಿಟೈರಾಗಿ ಮೂರು ವರ್ಷವಾಗಿತ್ತು. ಎಣಿಸುವುದು ಬಿಟ್ಟರೆ ತನಗೆ ಬೇರೆ ಪತ್ತೇದಾರಿ ವಿದ್ಯೆ ಬರುವುದಿಲ್ಲ ಎಂದು ಅವರೇ ಹೇಳಿಕೊಳ್ಳುತ್ತಿದ್ದರು. ಅದರಲ್ಲಿ ವಿನಯವೇನೂ ಇರಲಿಲ್ಲ, ಇದ್ದದ್ದನ್ನೇ ಹೇಳುತ್ತಿದ್ದರು.

ಒಟ್ಟು ನಲವತ್ತೇಳು ಪೊಟ್ಟಣ. ಡಾಕ್ಟರ್ ಸುಮನಾ ತಾನು ಕೊಟ್ಟೆ ಎಂದು ಹೇಳಿದ್ದು ಎಂಟು.

ಅಕ್ಷತಾಳ ಅತ್ತೆ ತಿಪ್ಪಮ್ಮ ಆರು ದಿನದಿಂದ ತುಮಕೂರಿನ ಖಾಸಗಿ ಆಸ್ಪತ್ರೆಯೊಂದರ ಐಸಿಯುನಲ್ಲಿದ್ದರು. ಮರಳೂರಿನ ಸುಮನಾ ಕೊಟ್ಟ ವಿಟಮಿನ್ ಡಿ ಪುಡಿಯೇ ತಾಯಿಯ ಕಿಡ್ನಿ ಕೆಡಿಸಿತು ಎಂದು ಮಗ ಮಲ್ಲಿಕಾರ್ಜುನ್ ದೂರು ಕೊಟ್ಟಿದ್ದ. ನಾಳೆ ಬೆಳಿಗ್ಗೆ ಹನ್ನೊಂದಕ್ಕೆ ಆರೋಗ್ಯ ಇಲಾಖೆಯಲ್ಲಿ ವಿಚಾರಣೆ. ಅಷ್ಟರೊಳಗೆ ಉತ್ತರ ಸಿಗದಿದ್ದರೆ ಸುಮನಾ ಕ್ಲಿನಿಕ್ಕಿಗೆ ಬೀಗ ಬೀಳುವುದು ಖಂಡಿತವಾಗಿತ್ತು.

ಮನ್ಸೂರ್ ಅಲಿ ಪೊಟ್ಟಣಗಳನ್ನು ಒಂದೊಂದಾಗಿ ತಿರುಗಿಸಿ ಸಾಲಾಗಿ ಇಡತೊಡಗಿದರು. ಪ್ರತಿಯೊಂದರ ಮೇಲೂ ನೇರಳೆ ಸ್ಕೆಚ್ ಪೆನ್ನಿನಲ್ಲಿ ಒಂದು ವಾರದ ಹೆಸರು. ಬರವಣಿಗೆ ಸುಮನಾರದೇ, ಅದರಲ್ಲಿ ಅನುಮಾನವೇ ಇಲ್ಲ. ಸುಮನಾ ಸಹಾಯ ಕೇಳಿಕೊಂಡು ಬಂದ ಮೇಲೆ ನಾಲ್ಕು ದಿನದಿಂದ ಅವರು ಆ ಕೈಬರಹದ ರಿಜಿಸ್ಟರನ್ನೇ ನೋಡುತ್ತಿದ್ದರು.

ವಾರದ ಹೆಸರು ಬರೆಯುವುದು ಸುಮನಾರ ಉಪಾಯ. ಈ ಪುಡಿ ಒಂದೊಂದು ಪೊಟ್ಟಣದಲ್ಲೂ ಅರವತ್ತು ಸಾವಿರ ಯೂನಿಟ್, ಹಾಲಿಗೆ ಹಾಕಿಕೊಂಡು ವಾರಕ್ಕೆ ಒಂದೇ ಸಲ ಕುಡಿಯಬೇಕು. ವಾರಕ್ಕೊಮ್ಮೆ ಎಂದು ಹೇಳಿದರೆ ಜನ ಮರೆಯುತ್ತಾರೆ, ಇಲ್ಲವೇ ನೆನಪಾದಾಗಲೆಲ್ಲ ಕುಡಿಯುತ್ತಾರೆ. ಅದಕ್ಕೆ ಸುಮನಾ ರಕ್ತದ ರಿಪೋರ್ಟು ನೋಡಿದ ಮೇಲೆ ರೋಗಿಯನ್ನು ಇನ್ನೊಂದು ಪ್ರಶ್ನೆ ಕೇಳುತ್ತಿದ್ದರು: ನೀವು ಮನೇಲಿ ಯಾವ ವಾರ ಮಾಡ್ತೀರಿ?

ಶಿವನ ಮನೆಯವರಾದರೆ ಸೋಮವಾರ. ಮಾರಮ್ಮನ ಒಕ್ಕಲಾದರೆ ಮಂಗಳವಾರ, ರಾಯರ ಭಕ್ತರಿಗೆ ಗುರುವಾರ, ಹನುಮಂತನವರಿಗೆ ಶನಿವಾರ, ಚರ್ಚಿಗೆ ಹೋಗುವವರಿಗೆ ಭಾನುವಾರ. ಮುಸ್ಲಿಮರ ಪೊಟ್ಟಣದ ಮೇಲೆ ಶುಕ್ರವಾರದ ಬದಲು ಜುಮ್ಮಾ ಎಂದೇ ಬರೆಯುತ್ತಿದ್ದರು. ಎಂಟು ವಾರಕ್ಕೆ ಎಂಟು ಪೊಟ್ಟಣ, ಖಾಲಿಯಾದವನ್ನು ವಾಪಸ್ ತಂದು ತೋರಿಸಬೇಕು, ಮತ್ತೆ ರಕ್ತ ಪರೀಕ್ಷೆ. ದೇವರ ವಾರವನ್ನು ಮರೆಯುವವರು ಈ ಕಡೆ ಕಡಿಮೆ, ಹಾಗಾಗಿ ಉಪಾಯ ಐದು ವರ್ಷದಿಂದ ಚೆನ್ನಾಗಿಯೇ ನಡೆದುಕೊಂಡು ಬಂದಿತ್ತು.

ಪೇಪರಿನ ಮೇಲೆ ಈಗ ಆರು ಸಾಲು ಕೂತಿದ್ದವು. ಸೋಮವಾರ ಎಂಟು, ಮಂಗಳವಾರ ಎಂಟು, ಗುರುವಾರ ಎಂಟು, ಶನಿವಾರ ಎಂಟು, ಭಾನುವಾರ ಎಂಟು. ಜುಮ್ಮಾ ಮಾತ್ರ ಏಳು.

"ನಿಮ್ಮತ್ತೆಗೆ ದಿನಾ ಕೊಡ್ತಿದ್ರಾ ಇದನ್ನ?"

"ಹೂಂ ಸಾರ್. ಆಯಾ ವಾರದ್ದು ಆಯಾ ವಾರ. ಮೇಲೇ ಬರ್ದಿತ್ತಲ್ಲ."

"ಬುಧವಾರದ್ದು?"

"ಬುಧವಾರದ್ದು ಇರ್ಲಿಲ್ಲ. ಒಂದಿನ ರಜ ಕೊಟ್ಟವ್ರೆ ಅಂದ್ಕೊಂಡೆ." ಅಕ್ಷತಾ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. "ಏನಾರ ತಪ್ಪಾಯ್ತಾ ಸಾರ್?"

ಮನ್ಸೂರ್ ಅಲಿ ಆರು ಸಾಲನ್ನೂ ಮತ್ತೊಮ್ಮೆ ನೋಡಿದರು. ಬುಧವಾರವನ್ನು ಹಿಡಿದುಕೊಂಡ ದೇವರು ಸುಮನಾರ ರೋಗಿಗಳಲ್ಲಿ ಯಾರಿಗೂ ಇರಲಿಲ್ಲ, ಅಷ್ಟೇ. ಆರು ಮನೆಗಳ ಆರು ವಾರಗಳು ಒಂದೇ ಮನೆಗೆ ಬಂದು, ನೋಡಿದವರಿಗೆ ದಿನಕ್ಕೊಂದರಂತೆ ಜೋಡಿಸಿಟ್ಟ ಔಷಧಿಯಾಗಿ ಕಂಡಿದ್ದವು. ತಪ್ಪಾಗಿ ಕುಡಿಯಬಾರದೆಂದು ಬರೆದ ಅಕ್ಷರವೇ ತಪ್ಪಾಗಿ ಕುಡಿಸಿತ್ತು.

"ಆಸ್ಪತ್ರೇಲಿ ಇದನ್ನ ತೋರಿಸ್ಲಿಲ್ವಾ?"

"ಯಾವ್ ಯಾವ್ ಮಾತ್ರೆ ತಗೋತಾರೆ ಅಂತ ಕೇಳಿದ್ರು. ಬಿಪಿದು, ಶುಗರ್‌ದು, ಕ್ಯಾಲ್ಸಿಯಂದು ಎಲ್ಲಾ ತಗೊಂಡೋಗಿ ತೋರಿಸ್ದೆ. ಇದು ಮಾತ್ರೆ ಅಲ್ವಲ್ಲ ಸಾರ್, ವಿಟಮಿನ್ನು. ರಕ್ತದಲ್ಲಿ ಅದು ಲೆಕ್ಕಕ್ಕೇ ಸಿಗದಷ್ಟು ಬಂತು ಅಂದ್ಮೇಲೆ, ಮರಳೂರು ಮೇಡಂ ಪುಡಿ ಕೊಟ್ಟಿದ್ರು ಅಂತ ಇವ್ರು ಹೇಳಿದ್ರು."

"ವಾಂತಿ ಯಾವಾಗಿಂದ?"

"ಎರಡು ವಾರದಿಂದ. ನೀರು ನೀರು ಅನ್ನೋರು, ಬಿಂದಿಗೆ ಖಾಲಿ ಮಾಡೋರು. ಆಮೇಲೆ ನನ್ನೇ ಅವರ ತಂಗಿ ಅಂತ ಕರೆಯಕ್ಕೆ ಶುರು ಮಾಡಿದ್ರು, ಆ ತಂಗಿ ಹೋಗಿ ಹತ್ತೊರ್ಷ ಆಗೈತೆ." ಅವಳ ದನಿ ಕುಗ್ಗಿತು. "ನಿಶಕ್ತಿ ಆಗ್ಬಾರ್ದು ಅಂತ ಆಗ್ಲೂ ಬಿಡ್ದಂಗೆ ಕುಡಿಸ್ದೆ ಸಾರ್. ಬೇಡ ಕಣೇ ಅಂದ್ರೂ ಗದರಿಸಿ ಕುಡಿಸ್ದೆ."

ಮನ್ಸೂರ್ ಅಲಿಗೆ ಅವಳ ಮೇಲೆ ಮರುಕ ಬಂತು. ಮಾತ್ರೆಯಾದರೆ ಜನ ಎರಡು ಸಲ ಯೋಚಿಸುತ್ತಾರೆ. ವಿಟಮಿನ್ ಎಂದ ಕೂಡಲೇ ಯಾರ ಕೈಯೂ ಹಿಂಜರಿಯುವುದಿಲ್ಲ. ಕೆಲವು ವಿಟಮಿನ್ ಹೆಚ್ಚಾದರೆ ಉಚ್ಚೆಯಲ್ಲಿ ಹೋಗಿಬಿಡುತ್ತವೆ. ಇದು ಹೋಗುವಂಥದ್ದಲ್ಲ, ಕೊಬ್ಬಿನಲ್ಲಿ ಕೂತು ರಕ್ತಕ್ಕೆ ಕ್ಯಾಲ್ಸಿಯಂ ಎಳೆದು ತುಂಬಿಸುತ್ತಲೇ ಇರುತ್ತದೆ. ಇದನ್ನೆಲ್ಲ ಈಗ ಅವಳಿಗೆ ಹೇಳಿ ಪ್ರಯೋಜನವಿರಲಿಲ್ಲ.

"ಗೊತ್ತಿಲ್ದೆ ಆಗಿದ್ದು ತಾಯಿ. ಈಗ್ಲೇ ನಿಮ್ಮನೆಯವರಿಗೆ ಫೋನ್ ಮಾಡಿ, ನಲವತ್ತೇಳು ಪೊಟ್ಟಣ ಅಂತ ಐಸಿಯು ಡಾಕ್ಟರ್‌ಗೆ ತಿಳಿಸೋಕೆ ಹೇಳಿ. ಅವರಿಗೆ ಅದು ಬೇಕು. ಈಗ ಹೇಳಿ, ಸೋಮವಾರದ್ದು ಬಿಟ್ಟು ಮಿಕ್ಕಿದ್ದು ಎಲ್ಲಿಂದ ಬಂತು?"

"ಬಸ್ಸಲ್ಲಿ ಬಂತು. ಅತ್ತೇನ ತೋರಿಸ್ಕೊಂಡು ಬಂದು ಮೂರು ದಿನಕ್ಕೋ ಏನೋ, ಕ್ಲಿನಿಕ್ಕಿಂದ ಪ್ರಮೀಳಕ್ಕ ಫೋನ್ ಮಾಡಿದ್ರು. ಉಳಿದಿದ್ದು ಬಸ್ಸಿಗೆ ಹಾಕಿದೀವಿ, ಸ್ಟ್ಯಾಂಡಿಗೆ ಬಂದು ಇಸ್ಕೊಳಿ ಅಂದ್ರು. ಅವರ ಕ್ಲಿನಿಕ್ಕಿನ ಹಳದಿ ಚೀಲದಲ್ಲೇ ಇತ್ತು."

ಇದರಲ್ಲಿ ಅಚ್ಚರಿಯೇನೂ ಇರಲಿಲ್ಲ. ದೂರದ ರೋಗಿಗಳಿಗೆ ಸುಮನಾ ಕ್ಲಿನಿಕ್ಕಿನಿಂದ ಔಷಧಿ ಹೋಗುತ್ತಿದ್ದದ್ದೇ ಖಾಸಗಿ ಬಸ್ಸಿನ ಕಂಡಕ್ಟರ್ ಕೈಲಿ.

ಮನ್ಸೂರ್ ಅಲಿ ಕತ್ತಿನ ದಾರಕ್ಕೆ ತೂಗುಬಿದ್ದಿದ್ದ ಕನ್ನಡಕ ಏರಿಸಿ ಜುಮ್ಮಾದ ಏಳನ್ನು ಕಿಟಕಿಯ ಬೆಳಕಿಗೆ ಹಿಡಿದರು. ಬೇರೆ ಯಾವುದರಲ್ಲೂ ಇಲ್ಲದ್ದು ಈ ಏಳರಲ್ಲಿತ್ತು. ಕೆಳಗಿನ ಮೂಲೆಯಲ್ಲಿ, ಪುಡಿ ತಾಕದ ಅಂಚಿನಲ್ಲಿ, ಒಂದೊಂದು ಸಣ್ಣ ತೂತು. ತೂತಿನ ಸುತ್ತ ಕಂದು ಬಣ್ಣದ ತುಕ್ಕಿನ ಕಲೆ.

"ಇದಕ್ಕೆ ಪಿನ್ನು ಚುಚ್ಚಿದ್ದು ನೀವಾ?"

"ಇಲ್ಲ ಸಾರ್. ಬಂದಿದ್ದೇ ಹಂಗೆ."

ಅವರು ಒಂದು ಪೊಟ್ಟಣ ಬೇಕೆಂದು ಕೇಳಿದರು. ಅಕ್ಷತಾ ತಲೆಯಾಡಿಸಿದಳು. ಹಳೆಯ ಅಭ್ಯಾಸ ಬಿಡಲಾರದೆ ಮನ್ಸೂರ್ ಅಲಿ ಡೈರಿಯ ಹಾಳೆ ಹರಿದು, ಖಾಲಿ ಪೊಟ್ಟಣ ಒಂದು, ಜುಮ್ಮಾ ಎಂದು ಬರೆದದ್ದು, ಪಡೆದುಕೊಂಡಿದ್ದೇನೆ ಎಂದು ಬರೆದು ಸಹಿ ಮಾಡಿ ಅವಳ ಕೈಗಿತ್ತರು. ಆರು ದಿನದಲ್ಲಿ ಮೊದಲ ಸಲ ಅಕ್ಷತಾಳ ತುಟಿಯಲ್ಲಿ ನಗುವಿನಂಥದ್ದೇನೋ ಬಂದು ಹೋಯಿತು.

ಗುಬ್ಬಿ ಬಸ್ ಸ್ಟ್ಯಾಂಡಿನಲ್ಲಿ ಕಾಫಿ ಲೋಟ ಹಿಡಿದುಕೊಂಡೇ ಅವರು ಸುಮನಾರಿಗೆ ಫೋನ್ ಮಾಡಿದರು.

"ಡಾಕ್ಟ್ರಮ್ಮ, ಒಂದೇ ಪ್ರಶ್ನೆ. ನೀವು ಕೊಟ್ಟ ಪುಡೀನ ಯಾರಾದ್ರೂ ಒಡೀದೆ ವಾಪಸ್ ತಂದುಕೊಟ್ಟಿದ್ದುಂಟಾ?"

"ಇಲ್ಲ ಸಾರ್, ಒಂದೂ ಇಲ್ಲ. ಖಾಲಿ ಪೊಟ್ಟಣ ಬರತ್ತೆ, ಎಣಿಸಿ ಡಸ್ಟ್‌ಬಿನ್‌ಗೆ ಹಾಕ್ತೀವಿ. ಯಾರಿಗಾದ್ರೂ ನಾನೇ ನಿಲ್ಲಿಸಿ ಅಂದ್ರೆ, ಉಳಿದಿದ್ದು ಮನೇಲೇ ಬಿಸಾಕಿ ಅಂತೀನಿ. ಯಾಕೆ, ಏನಾದ್ರೂ ಸಿಕ್ತಾ?"

"ಸಂಜೆ ಹೇಳ್ತೀನಿ."

ಅವರು ಬಸ್ಸು ಹತ್ತಿ ಕಿಟಕಿ ಪಕ್ಕ ಕೂತು ಲೆಕ್ಕ ಹಾಕಿದರು. ಕ್ಲಿನಿಕ್ಕಿಗೆ ಬಂದ ಪೊಟ್ಟಣ, ರೋಗಿಗಳಿಗೆ ಕೊಟ್ಟ ಪೊಟ್ಟಣ, ಉಳಿದ ಪೊಟ್ಟಣ ಮೂರನ್ನೂ ಅವರೇ ತಾಳೆ ನೋಡಿದ್ದರು. ಒಂದೂ ಹೆಚ್ಚುಕಡಿಮೆ ಇರಲಿಲ್ಲ. ಅಂದಮೇಲೆ ಬಸ್ಸಲ್ಲಿ ಬಂದ ಮೂವತ್ತೊಂಬತ್ತು ಹೊಸ ಸ್ಟಾಕಿನಿಂದ ಕದ್ದದ್ದಲ್ಲ. ಐದು ಮನೆಯ ರೋಗಿಗಳಿಗೆಂದೇ ಬರೆದು ಕೊಟ್ಟದ್ದು, ಅವರು ತಿನ್ನದೆ ಬಿಟ್ಟದ್ದು, ಯಾರದೋ ಕೈಗೆ ವಾಪಸ್ ಬಂದದ್ದು. ಆ ಕೈ ಯಾವುದು ಎಂಬುದೊಂದೇ ಪ್ರಶ್ನೆ ಉಳಿದಿತ್ತು.

ಜುಮ್ಮಾದ ಕಡೆಯಿಂದ ಹೊರಟರೆ ದಾರಿ ಚಿಕ್ಕದು. ಆ ತಿಂಗಳುಗಳಲ್ಲಿ ಪುಡಿ ಪಡೆದ ಮುಸ್ಲಿಂ ರೋಗಿಗಳು ರಿಜಿಸ್ಟರಿನಲ್ಲಿ ಹನ್ನೊಂದೇ ಜನ. ಅದರಲ್ಲಿ ಒಂದು ಹೆಸರು ಅವರ ಹೆಂಡತಿಯದೇ, ಸರ್ವರ್ ಬೇಗಂ. ಅದನ್ನು ಬಿಟ್ಟು ಉಳಿದ ಹತ್ತು ಮನೆಗೂ ಹೋಗಿ ಕೇಳಬೇಕೆಂದು ಡೈರಿಯಲ್ಲಿ ಬರೆದುಕೊಂಡರು.

ಕ್ಲಿನಿಕ್ಕಿನ ಬೀಗದ ಕೈ ಮೂರು ಜನರ ಹತ್ತಿರ ಇತ್ತು. ಒಂದು ಸುಮನಾರದು. ಇನ್ನೊಂದು ಔಷಧಿ ಕೊಡುವ ಪ್ರಮೀಳಾಳದು. ತಿಪ್ಪಮ್ಮ ಆಸ್ಪತ್ರೆ ಸೇರಿದ ದಿನವೇ ಆಕೆ ಕೆಲಸ ಬಿಟ್ಟು ಊರು ಸೇರಿದ್ದಳು. ಮೂರನೆಯದು ಕಟ್ಟಡದ ಮಾಲೀಕ ಸಂಗಮೇಶನದು. ಕೆಳಗಡೆ ಅವನದೇ ಮೆಡಿಕಲ್ ಶಾಪು.

ಸಂಗಮೇಶನಿಗೆ ಸುಮನಾರ ಮೇಲೆ ಕೋಪವಿದ್ದದ್ದು ಬೀದಿಗೆಲ್ಲ ಗೊತ್ತಿತ್ತು. ರೋಗಿಗಳು ತಾವು ತಿನ್ನುವ ಮಾತ್ರೆ, ಪುಡಿ, ಲೇಹ್ಯ, ಟಾನಿಕ್ ಎಲ್ಲವನ್ನೂ ಚೀಲದಲ್ಲಿ ತರಬೇಕೆಂದು ಸುಮನಾ ಬೋರ್ಡು ಹಾಕಿಸಿದ್ದರು. ಚೀಲ ಬಿಚ್ಚಿ, ಬೇಡದ್ದನ್ನು ಮೇಜಿನ ಒಂದು ಬದಿಗೆ ಸರಿಸಿ, ಇವನ್ನು ನಿಲ್ಲಿಸಿ ಎನ್ನುತ್ತಿದ್ದರು. ಹಾಗೆ ಬದಿಗೆ ಸರಿದ ಬಾಟಲಿಗಳಲ್ಲಿ ಮುಕ್ಕಾಲು ಪಾಲು ಕೆಳಗಿನ ಅಂಗಡಿಯವು.

ಮನ್ಸೂರ್ ಅಲಿ ತುಮಕೂರಿನಲ್ಲಿ ಬಸ್ಸು ಬದಲಿಸಿ ಕುಣಿಗಲ್ ಹಾದಿ ಹಿಡಿದರು.

ಕೊತ್ತಗೆರೆಯಲ್ಲಿ ಪ್ರಮೀಳಾಳ ಮನೆ ಹುಡುಕುವುದು ಕಷ್ಟವಾಗಲಿಲ್ಲ. ನಲವತ್ತು ದಾಟಿದ ಹೆಂಗಸು, ಅಂಗಳದಲ್ಲಿ ಚಾಪೆ ಹಾಸಿ ಹುರುಳಿಕಾಳು ಹರವುತ್ತಿದ್ದಳು. ಇವರನ್ನು ಕಂಡು ಕೈ ಕೊಡವಿಕೊಂಡು ಎದ್ದಳು, ಓಡಿಹೋಗುವ ಲಕ್ಷಣವೇನೂ ಕಾಣಲಿಲ್ಲ.

"ಪೊಲೀಸ್ನೋರು ಬತ್ತಾರೆ ಅಂದ್ಕಂಡಿದ್ದೆ. ನೀವು ಬಂದ್ರಾ, ಬುಡಿ, ಒಳ್ಳೇದಾಯ್ತು. ಕೂತ್ಕಳಿ ಸಾರ್."

ಜಗಲಿಯ ಮೇಲೆ ಕೂತ ಮನ್ಸೂರ್ ಅಲಿ ಸುತ್ತಿ ಬಳಸಿ ಮಾತಾಡಲಿಲ್ಲ.

"ಗುಬ್ಬಿಗೆ ಫೋನ್ ಮಾಡಿದ್ದು ನೀನೇನಮ್ಮ?"

"ನಾನೇ."

"ಬಸ್ಸಿಗೆ ಚೀಲ ಹಾಕಿದ್ದು?"

"ಅದೂ ನಾನೇ ಸಾರ್."

ಇಲ್ಲ ಎನ್ನುವವರನ್ನು ಹೌದು ಎನ್ನಿಸುವುದು ಅವರಿಗೆ ಗೊತ್ತಿತ್ತು. ಮೊದಲೇ ಹೌದು ಎಂದುಬಿಟ್ಟವಳ ಮುಂದೆ ಮೂವತ್ತೊಂದು ವರ್ಷದ ಅನುಭವ ಸ್ವಲ್ಪ ತಡವರಿಸಿತು.

"ಒಳಗೇನಿದೆ ಅಂತ ನೋಡ್ಲಿಲ್ವಾ?"

"ನೋಡ್ಲಿಲ್ಲ. ಬಾಯಿ ಕಟ್ಟಿ ಗಂಟು ಹಾಕಿತ್ತು. ಬೆಳಗ್ಗೆ ನಾನು ಬಾಗ್ಲು ತೆಗ್ದಾಗ ನನ್ನ ಟೇಬಲ್ ಮೇಲೇ ಇತ್ತು, ಮೇಲೊಂದು ಚೀಟಿ. ಎಷ್ಟೋ ಸಲ ಔಷ್ದಿ ಕಡ್ಮೆ ಬಿದ್ದು ಆಮೇಲೆ ಕಳಿಸಿರ್ತೀವಿ. ಹಂಗೇ ಅಂದ್ಕಂಡು ಫೋನ್ ಮಾಡಿ, ಕಂಡಕ್ಟ್ರು ಕೈಗೆ ಕೊಟ್ಟೆ."

"ಅಲ್ಲಮ್ಮ, ಕೊಡೋ ಔಷಧಿ ಎಲ್ಲಾ ನಿನ್ನ ಕೈಯಿಂದಲೇ ಹೋಗೋದು. ನೀನು ಕೊಡದೇ ಇರೋ ಔಷಧಿ ನಿನ್ನ ಟೇಬಲ್ ಮೇಲೆ ಬಂದು ಕೂತಿದೆ. ಕೇಳ್ಬೇಕು ಅನ್ನಿಸ್ಲಿಲ್ವಾ?"

ಪ್ರಮೀಳಾ ಚಾಪೆಯ ಕಡೆ ನೋಡಿದಳು. "ಅನ್ನಿಸ್ತು. ಕೇಳೋಣ ಅಂತಿದ್ದೆ. ಅವತ್ತು ಮೇಡಂ ಬರೋದ್ರಲ್ಲಿ ಐವತ್ತು ಜನ ಕೂತಿದ್ರು ಸಾರ್. ಮರ್ತೋಯ್ತು."

"ಚೀಟಿ?"

ಅವಳು ಒಳಗೆ ಹೋಗಿ ಮೊಬೈಲು ತಂದು, ಅದರ ಹಿಂದಿನ ಕವರ್ ಕಳಚಿದಳು. ನಾಲ್ಕು ಮಡಿಕೆಯ ಚೀಟಿ. ನೇರಳೆ ಸ್ಕೆಚ್ ಪೆನ್ನಿನಲ್ಲಿ ಬಿಡಿಬಿಡಿಯಾಗಿ ದಪ್ಪ ಅಕ್ಷರ: ತಿಪ್ಪಮ್ಮ, ಗುಬ್ಬಿ. ಇವತ್ತೇ ಬಸ್ಸಿಗೆ.

"ಯಾಕೆ ಇಟ್ಕೊಂಡಿದ್ದೆ ಇದನ್ನ?"

"ನಂಬರ್ ಬರ್ಕಳಕ್ಕೆ. ಕಂಡಕ್ಟ್ರು ನಂಬರ್ ಹಿಂದೆ ಬರ್ದಿದೀನಿ ನೋಡಿ. ಅಜ್ಜಿ ಆಸ್ಪತ್ರೆಗೆ ಸೇರಿದ್ರು ಅಂತ ಗೊತ್ತಾದ್ಮೇಲೆ ಬಿಸಾಕಕ್ಕೆ ಭಯ ಆಯ್ತು. ಇಟ್ಕಳಕ್ಕೂ ಭಯವೇ."

"ಇದು ಮೇಡಂ ಬರವಣಿಗೇನಾ?"

"ಪೆನ್ನು ಅವ್ರುದೇ. ಅಕ್ಷರ ಹೇಳಕ್ಕಾಗಲ್ಲ, ಬೇಕೂಂತ ದಪ್ಪಕ್ಕೆ ಬರ್ದಂಗೈತೆ. ಅವ್ರು ನಂಗೆ ಚೀಟಿ ಬರೀತಾನೇ ಇರ್ಲಿಲ್ಲ ಸಾರ್, ಏನಿದ್ರೂ ಬಾಯಲ್ಲೇ ಹೇಳೋರು."

"ಹಿಂದಿನ ದಿನ ಕ್ಲಿನಿಕ್ ಮುಚ್ಚಿದ್ಮೇಲೆ ಯಾರಾದ್ರೂ ಬಂದಿದ್ರಾ?"

"ಸಂಗಮೇಶಣ್ಣ ನೀರಿನ ಪೈಪ್ ಸೋರ್ತೈತೆ, ಪ್ಲಂಬರ್ನ ಕರ್ಕಂಡು ಬತ್ತೀನಿ ಅಂದಿದ್ರು. ಬಂದ್ರೋ ಇಲ್ವೋ ನಾನು ನೋಡ್ಲಿಲ್ಲ. ನೋಡ್ದೆ ಇರೋದನ್ನ ನೋಡ್ದೆ ಅನ್ನಲ್ಲ."

ಆ ಮಾತು ಮನ್ಸೂರ್ ಅಲಿಗೆ ಹಿಡಿಸಿತು. ಪೈಪು ಸೋರುತ್ತಿತ್ತೇ ಇಲ್ಲವೇ ಎಂದು ಪ್ಲಂಬರನ್ನು ಕೇಳಿದರೆ ಅರ್ಧ ಗಂಟೆಯ ಕೆಲಸ.

"ಒಡೀದೇ ಇರೋ ಪೊಟ್ಟಣ ವಾಪಸ್ ಬಂದಿದ್ದನ್ನ ನೀನು ಯಾವತ್ತಾದ್ರೂ ಕಂಡಿದೀಯಾ?"

"ನನ್ನ ಟೇಬಲ್‌ಗೆ ಬಂದಿದ್ದೆಲ್ಲಾ ಖಾಲಿ ಪೊಟ್ಟಣವೇ ಸಾರ್." ಆಮೇಲೆ ಅವಳೇ ಕೇಳಿದಳು. "ಅಜ್ಜಿ ಹೆಂಗವ್ರೆ?"

"ಬೆಳಗ್ಗೆ ಡಯಾಲಿಸಿಸ್ ಮಾಡಿದ್ದಾರೆ. ಕಣ್ಣು ಬಿಟ್ಟಿದ್ದಾರಂತೆ, ಯಾರನ್ನೂ ಗುರುತು ಹಿಡೀತಿಲ್ಲ."

"ಅವ್ರು ಹೋಗ್ಬುಟ್ರೆ ನಾನೇ ಕೊಂದಂಗಲ್ವಾ."

ಅವಳು ಅಳಲಿಲ್ಲ. ಹುರುಳಿಕಾಳಿನಲ್ಲಿದ್ದ ಒಂದು ಕಲ್ಲನ್ನು ಆರಿಸಿ ದೂರ ಎಸೆದಳು. ಆರು ದಿನದಿಂದ ಅವಳು ಈ ಪ್ರಶ್ನೆಯನ್ನು ತನಗೆ ತಾನೇ ಕೇಳಿಕೊಂಡು ಸವೆಸಿರಬೇಕು ಎಂದು ಮನ್ಸೂರ್ ಅಲಿಗೆ ಅನ್ನಿಸಿತು.

"ನೀನು ಚೀಲ ಕಳಿಸ್ದೆ. ಚೀಲ ತುಂಬಿದೋರು ಬೇರೆ. ನಾಳೆ ಹನ್ನೊಂದಕ್ಕೆ ಬಂದು ಇದನ್ನೇ ಹೇಳ್ತೀಯಾ?"

"ಹೇಳಿದ್ರೆ ಮೇಡಂ ಉಳ್ಕತಾರಾ? ನನ್ನ ಮಗಳಿಗೆ ಡೆಂಗಿ ಬಂದಾಗ ಮೂರು ದಿನ ಅವ್ರೇ ಕಾದಿದ್ರು ಸಾರ್. ಅವ್ರಿಗೆ ತೊಂದ್ರೆ ಆಗೋ ಮಾತು ನನ್ನ ಬಾಯಲ್ಲಿ ಬರ್ಸಬೇಡಿ."

"ಉಳ್ಕೋತಾರೆ," ಎಂದರು ಮನ್ಸೂರ್ ಅಲಿ. "ನಾನು ಹೇಳ್ತಿದೀನಲ್ಲ."

ಎಣಿಸದೆ, ತಾಳೆ ನೋಡದೆ ಅವರು ಕೊಟ್ಟ ಮಾತು ಬಹುಶಃ ಅದೊಂದೇ. ಚೀಟಿಗೂ ಒಂದು ರಸೀದಿ ಬರೆದುಕೊಟ್ಟು ಅವರು ಎದ್ದರು.

ತುಮಕೂರಿಗೆ ಬರುವ ಹೊತ್ತಿಗೆ ಸಂಜೆ ಐದೂವರೆ. ಮಗ ಝುಬೇರ್ ಇನ್ನೂ ಅಂಗಡಿಯಲ್ಲಿದ್ದ. ಸರ್ವರ್ ಬೇಗಂ ಅಡುಗೆಮನೆಯಲ್ಲಿ ಚಹಾಕ್ಕೆ ನೀರಿಟ್ಟು, ಗಂಡನ ಧೂಳು ಹಿಡಿದ ಚಪ್ಪಲಿಯನ್ನೊಮ್ಮೆ, ಮುಖವನ್ನೊಮ್ಮೆ ನೋಡಿದರು. ಗಂಡ ಹೆಂಡತಿ ಮನೆಯೊಳಗೆ ಆಡುವುದು ಉರ್ದು. ಓದುವವರ ಅನುಕೂಲಕ್ಕೆ ಇಲ್ಲಿ ಕನ್ನಡದಲ್ಲಿದೆ.

"ರಿಟೈರಾದ್ಮೇಲೆ ಮನೇಲಿರ್ತೀನಿ ಅಂದೋರು ಇವತ್ತು ಎಷ್ಟು ತಾಲ್ಲೂಕು ಸುತ್ತಿದ್ರಿ?"

"ಎರಡೇ."

"ಊಟ?"

"ಬಸ್ಸಲ್ಲಿ ಕಡ್ಲೆಕಾಯಿ ತಿಂದೆ."

ಸರ್ವರ್ ಬೇಗಂ ಅದಕ್ಕೆ ಹೇಳಬೇಕಾದ್ದನ್ನೆಲ್ಲ ಹೇಳಿದರು. ಮನ್ಸೂರ್ ಅಲಿ ಕೇಳಿಸಿಕೊಳ್ಳುತ್ತಾ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತರು. ನಾಳೆಯದು ಈಗ ಸಲೀಸಾಗಿ ಕಾಣುತ್ತಿತ್ತು. ರಾತ್ರಿಯೊಳಗೆ ಪ್ಲಂಬರ್ ಸಿಕ್ಕರೆ ಸಂಗಮೇಶನ ಮೇಲೆ ಗುಮಾನಿ ಗಟ್ಟಿಯಾಗುತ್ತದೆ, ಸುಮನಾ ಬಚಾವಾಗುತ್ತಾರೆ.

ಚಹಾ ಡಬ್ಬಿಯ ಮೇಲ್ಗಡೆ ಗೋಡೆಗೆ ಕ್ಯಾಲೆಂಡರ್. ಹಾಲಿನವನ ಲೆಕ್ಕ, ಗ್ಯಾಸ್ ಬಂದ ದಿನ, ಮೊಮ್ಮಗಳು ಅರ್ಜೂ ಶಾಲೆಯ ರಜೆ, ಎಲ್ಲಾ ಅದರಲ್ಲೇ. ಕ್ಯಾಲೆಂಡರಿನ ಮೊಳೆಗೆ ಒಂದು ಹಳೆಯ ಸೇಫ್ಟಿ ಪಿನ್ ನೇತಾಡುತ್ತಿತ್ತು, ಪಿನ್ನಿಗೆ ಕರೆಂಟ್ ಬಿಲ್ಲು, ಬಿಲ್ಲಿನ ಹಿಂದೆ ಏನೋ ಹೊಳೆಯುವಂಥದ್ದು.

ಅವರು ಕನ್ನಡಕ ಏರಿಸಿಕೊಂಡರು.

ಬಿಲ್ಲು ಸರಿಸಿದರೆ ಖಾಲಿ ಪೊಟ್ಟಣ ಒಂದು. ನೇರಳೆ ಅಕ್ಷರದಲ್ಲಿ ಜುಮ್ಮಾ. ಕೆಳಮೂಲೆಯಲ್ಲಿ ಪಿನ್ನು ಚುಚ್ಚಿದ ತೂತು, ತೂತಿನ ಸುತ್ತ ಕಂದು ಕಲೆ. ಜೇಬಿನಿಂದ ಗುಬ್ಬಿಯ ಪೊಟ್ಟಣ ತೆಗೆದು ಪಕ್ಕದಲ್ಲಿ ಹಿಡಿದರು. ಕಲೆಯ ಬಣ್ಣವೂ ಒಂದೇ, ತೂತಿನ ಜಾಗವೂ ಒಂದೇ. ಊರಿನವರ ಔಷಧಿ ಕಪಾಟನ್ನೆಲ್ಲ ತಡಕಿದ ಮನುಷ್ಯ ತನ್ನ ಮನೆಯ ಮೊಳೆಯನ್ನು ಎರಡೂವರೆ ತಿಂಗಳಿಂದ ನೋಡಿರಲಿಲ್ಲ. ಅವರಿಗೆ ನಾಚಿಕೆಯಾಯಿತು, ಅದರ ಹಿಂದೆಯೇ ಭಯವೂ ಆಯಿತು.

"ಇದು ನಿನ್ನದಾ?"

"ನಂದೇ. ಮಂಡಿನೋವಿಗೆ ಡಾಕ್ಟರಮ್ಮ ಕೊಟ್ಟಿದ್ರಲ್ಲ. ಮರೀಬಾರ್ದು ಅಂತ ಎಂಟೂ ಪಿನ್ನಿಗೆ ಹಾಕಿ ಇಲ್ಲೇ ನೇತು ಹಾಕಿದ್ದೆ."

"ಮಿಕ್ಕ ಏಳು ಎಲ್ಲಿ?"

"ಕೊಟ್ಟುಬಿಟ್ಟೆ. ಒಂದು ಜುಮ್ಮಾ ಕುಡಿದೆ, ಆ ವಾರವೇ ಸೊಂಟದ ಪಕ್ಕ ನೋವು ಬಂತು. ಸ್ಕ್ಯಾನಿಂಗ್‌ನಲ್ಲಿ ಕಿಡ್ನಿ ಕಲ್ಲು ಅಂತ ಬಂತಲ್ಲ, ಝುಬೇರ್ ಕರಕೊಂಡು ಹೋಗಿದ್ದ. ನೀವು ನೆಂಟರ ಮದುವೆಗೆ ಅಂತ ಹೈದರಾಬಾದಿನಲ್ಲಿದ್ರಿ. ಕಲ್ಲಿದ್ರೆ ಈ ಪುಡಿ ಬೇಡ, ಈಗ್ಲೇ ನಿಲ್ಲಿಸಿ, ಉಳಿದಿದ್ದು ತಂದುಕೊಡಿ ಅಂದ್ರು ಡಾಕ್ಟರಮ್ಮ."

"ತಂದುಕೊಡಿ ಅಂದ್ರಾ? ಮನೇಲೇ ಬಿಸಾಕಿ ಅನ್ಲಿಲ್ವಾ?"

"ತಂದುಕೊಡಿ ಅಂದ್ರು. ಬೇರೆಯವರ ಕೈಗೆ ಸಿಗಬಾರದು ಅಂತ ಎಲ್ಲರ ಹತ್ರಾನೂ ವಾಪಸ್ ಇಸ್ಕೋತಾರಂತೆ. ಏಳನ್ನೂ ಅವರ ಕೈಗೇ ಕೊಟ್ಟೆ. ತಮ್ಮ ಮೇಜಿನ ಡ್ರಾಯರ್‌ಗೆ ಹಾಕಿ ಬೀಗ ಹಾಕ್ಕೊಂಡ್ರು. ಆ ಡ್ರಾಯರ್‌ನಲ್ಲಿ ಇನ್ನೂ ಎಷ್ಟೋ ಇತ್ತು."

ಒಲೆಯ ಮೇಲೆ ಚಹಾ ಉಕ್ಕಿತು. ಸರ್ವರ್ ಬೇಗಂ ಒಲೆ ಆರಿಸಿ, ಬಟ್ಟೆಯಿಂದ ಒರೆಸುತ್ತಾ, ಮಾಮೂಲಿ ದನಿಯಲ್ಲೇ ಮುಂದುವರಿಸಿದರು.

"ಅದಕ್ಕೇ ಮೊನ್ನೆ ಅವರು ಫೋನ್ ಮಾಡಿದಾಗ ನಂಗೆ ತಮಾಷೆ ಅನ್ನಿಸ್ತು."

"ಯಾವಾಗ?"

"ನೀವು ಈ ಕೇಸಿಗೆ ಹೂಂ ಅಂದ ದಿನ ಸಂಜೆ. ಆ ಪೊಟ್ಟಣ ವಾಪಸ್ ಕೊಟ್ಟಿದ್ದು ಯಾರಿಗೂ ಹೇಳ್ಬೇಡಿ ಅಮ್ಮ, ಯಾರಾದ್ರೂ ಕೇಳಿದ್ರೆ ಕಸಕ್ಕೆ ಹಾಕ್ದೆ ಅಂದುಬಿಡಿ ಅಂದ್ರು. ಆಯ್ತು ಅಂದೆ. ಯಾರು ಕೇಳ್ತಾರೆ ನನ್ನ ಅಂತ."

ಮನ್ಸೂರ್ ಅಲಿ ಅಲ್ಲಿದ್ದ ಸ್ಟೂಲಿನ ಮೇಲೆ ಕೂತರು. ಬೆಳಿಗ್ಗೆ ಗುಬ್ಬಿಯಿಂದ ಕೇಳಿದಾಗ ಸುಮನಾ ಒಂದು ಕ್ಷಣವೂ ಯೋಚಿಸದೆ ಒಂದೂ ಇಲ್ಲ ಎಂದಿದ್ದರು. ಐದು ವರ್ಷದ ಲೆಕ್ಕವನ್ನು ಯಾರೂ ಅಷ್ಟು ಬೇಗ ಹೇಳಲಾರರು ಎಂದು ಎಣಿಸುವ ಕಸುಬಿನವರಿಗೆ ಆಗಲೇ ಹೊಳೆಯಬೇಕಿತ್ತು. ಬೀಗ ಹಾಕಿದ ಆ ಡ್ರಾಯರಿನಿಂದ ಪೊಟ್ಟಣಗಳು ಗುಬ್ಬಿಗೆ ಯಾಕೆ ಹೋದವು ಎಂಬುದು ಇನ್ನೂ ಗೊತ್ತಾಗಿರಲಿಲ್ಲ, ಸುಮನಾ ಅದನ್ನು ಮುಚ್ಚಿಡುತ್ತಿದ್ದಾರೆ ಎಂಬುದು ಮಾತ್ರ ಗೊತ್ತಾಗಿತ್ತು.

ಸರ್ವರ್ ಬೇಗಂ ಅವರ ಮುಖ ನೋಡಿ ಬಟ್ಟೆ ಕೆಳಗಿಟ್ಟರು. "ಏನಾಯ್ತು? ಆ ಗುಬ್ಬಿ ಅಜ್ಜಿ ತಿಂದಿದ್ದು ನನ್ನ ಪುಡೀನಾ?"

ಮನ್ಸೂರ್ ಅಲಿ ಹೌದೆಂದು ತಲೆಯಾಡಿಸಿದರು.

"ಯಾ ಅಲ್ಲಾ," ಎಂದು ಸರ್ವರ್ ಬೇಗಂ ಮೆಲ್ಲಗೆ ಅಂದರು.

ಆಗ ಚಹಾ ಡಬ್ಬಿಯ ಪಕ್ಕದಲ್ಲಿದ್ದ ಫೋನು ಹೊಡೆದುಕೊಂಡಿತು. ಅದು ಮನ್ಸೂರ್ ಅಲಿಯವರದಲ್ಲ, ಸರ್ವರ್ ಬೇಗಂ ಅವರದು. ಪರದೆಯ ಮೇಲೆ ಅರ್ಜೂ ಸೇವ್ ಮಾಡಿಕೊಟ್ಟ ಹೆಸರು: ಡಾಕ್ಟರಮ್ಮ.

ಸರ್ವರ್ ಬೇಗಂ ಫೋನು ಕೈಗೆತ್ತಿಕೊಂಡರು, ಗುಂಡಿ ಒತ್ತಲಿಲ್ಲ. ಮದುವೆಯಾದ ಮೂವತ್ತಾರು ವರ್ಷದಲ್ಲಿ ಅವರು ಗಂಡನನ್ನು ಕೇಳಿ ಮಾತಾಡಿದ್ದು ಕಡಿಮೆ.

"ನೀವೇ ಹೇಳಿ," ಎಂದರು. "ಕಸಕ್ಕೆ ಹಾಕ್ದೆ ಅನ್ಲಾ, ಡಾಕ್ಟರಮ್ಮ ನಿಮ್ಮ ಕೈಗೇ ಕೊಟ್ಟೆ ಅನ್ಲಾ?"